ಅಣ್ಣನ ಹೊಗಳಿಕೆ, ತಮ್ಮನ ಗ್ರಾಫು

ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯ ಸಣ್ಣ ಆಫೀಸಿನಲ್ಲಿ ನನ್ನ ಮೊದಲ ಕೆಲಸ. ನಮ್ಮ ಗಿರಾಕಿಗಳಾದ ಹೋಟೆಲು, ಅಂಗಡಿಗಳ ಹೆಸರನ್ನು ಜನ ಸೋಷಿಯಲ್ ಮೀಡಿಯಾದಲ್ಲಿ ಎಲ್ಲೆಲ್ಲಿ ಎತ್ತುತ್ತಾರೆ ಎಂದು ಹುಡುಕಿ, ಹೊಗಳಿದ್ದಕ್ಕೆ ಹಸಿರು, ಬೈದದ್ದಕ್ಕೆ ಕೆಂಪು ಬಳಿದು, ತಿಂಗಳ ಕೊನೆಗೆ ಗ್ರಾಫು ಮಾಡಿ ಕೊಡುವುದು. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪುರಾವೆ ಎಲ್ಲಿ ಎಂದು ಎದುರಾಳಿಗಳ ಜೀವ ತಿಂದವಳಿಗೆ ಇದು ಹೇಳಿ ಮಾಡಿಸಿದ ಕೆಲಸ ಎಂದೇ ನಂಬಿದ್ದೆ.

ಆ ನಂಬಿಕೆ ಕೆಟ್ಟದ್ದು ನಮ್ಮ ಗಿರಾಕಿಯಾಗಿದ್ದ ನಂತೂರಿನ ಒಂದು ಮೀನೂಟದ ಹೋಟೆಲಿನಿಂದ. ಅದರ ಯಜಮಾನರಿಗೂ ಅವರ ಅಣ್ಣನಿಗೂ ಪಾಲಾದಾಗ ಗದ್ದೆ ಹಂಚಿಹೋಯಿತು, ಪಾತ್ರೆ ಹಂಚಿಹೋಯಿತು, ಹೋಟೆಲಿನ ಹೆಸರನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಅಣ್ಣ ಕಾಟಿಪಳ್ಳದ ಕಡೆ ಅದೇ ಹೆಸರಿನ ಬೋರ್ಡು ಹಾಕಿದರು. ನಮ್ಮೂರಲ್ಲಿ ಇದು ವಿಚಿತ್ರವಲ್ಲ. ಯಾವುದು ಯಾರದ್ದು ಎಂದು ಊಟಕ್ಕೆ ಹೋಗುವವರಿಗೆ ಗೊತ್ತಿರುತ್ತದೆ. ಹೆಸರು ಕೊಟ್ಟರೆ ಹುಡುಕಿಕೊಡುವ ಸಾಫ್ಟ್‌ವೇರಿಗೆ ಗೊತ್ತಿರುವುದಿಲ್ಲ.

ಮೊದಲ ತಿಂಗಳೇ ವರದಿಯ ಅಡಿಯಲ್ಲಿ ಬರೆದೆ: ಇದರಲ್ಲಿ ಎರಡು ಹೋಟೆಲುಗಳ ಮಾತು ಬೆರೆತಿದೆ. ಮ್ಯಾನೇಜರ್ ಆ ಸಾಲನ್ನು ಅಳಿಸಿದರು. ಗಿರಾಕಿಗಳು ಗ್ರಾಫು ನೋಡುತ್ತಾರೆ, ಅಡಿಟಿಪ್ಪಣಿ ಓದುವುದಿಲ್ಲ ಎಂಬುದು ಅವರ ವಾದ. ಅದು ವಾದವೇ ಅಲ್ಲ ಎಂದೆ.

"ಎಂತ ಮಾರಾಯ್ತಿ, ಹಸಿರು ಉಂಟಲ್ಲ? ಮತ್ತೆ ನಿನಗೆಂತ?"

ಹೀಗೆ ವರ್ಷವಿಡೀ ಅಣ್ಣನ ಊಟಕ್ಕೆ ಸಿಕ್ಕಿದ ಹೊಗಳಿಕೆ ತಮ್ಮನ ಗ್ರಾಫಿನಲ್ಲಿ ಹಸಿರಾಗಿ ಬೆಳೆಯಿತು.

ಆಮೇಲೆ ಒಂದು ತಿಂಗಳು ಕೆಂಪಾಯಿತು. ಬಂಗುಡೆ ಮೀನು ಹಳತು, ಸಾರು ನೀರು ಎಂದು ಯಾರೋ ಹಾಕಿದ ವಿಡಿಯೊ ಊರೆಲ್ಲ ಸುತ್ತಿತ್ತು. ಯಜಮಾನರು ವಿಡಿಯೊ ನೋಡಲಿಲ್ಲ, ಗ್ರಾಫು ನೋಡಿದರು. ನೋಡಿದವರೇ, ಹೋಟೆಲು ಶುರುವಾದಂದಿನಿಂದ ಅಡುಗೆ ಮಾಡುತ್ತಿದ್ದ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸಿಗೆ ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಹೇಳಿಬಿಟ್ಟರು. ಮ್ಯಾನೇಜರ್ ಈ ಸುದ್ದಿ ತಿಳಿಸಿದ್ದು ನಮಗೆ ಸರ್ಟಿಫಿಕೇಟು ಬಂದ ಖುಷಿಯಲ್ಲಿ: ನಮ್ಮ ವರದಿ ನೋಡಿ ಆಕ್ಷನ್ ತೆಗೆದುಕೊಂಡಿದ್ದಾರಂತೆ. ಕೆಂಪು ಬಳಿದವಳು ನಾನು.

ಮರುದಿನ ಆ ವಿಡಿಯೊದ, ಹಿಂದಿನ ತಿಂಗಳುಗಳ ಪೋಸ್ಟುಗಳ ಚಿತ್ರಗಳನ್ನೆಲ್ಲ ಪ್ರಿಂಟ್ ತೆಗೆದುಕೊಂಡು ಬಸ್ಸು ಹತ್ತಿದೆ. ನಂತೂರಿನಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಬಿದ್ದಷ್ಟು ಹೊತ್ತೂ ವಾದವನ್ನು ಉರು ಹೊಡೆದೆ. ಅಷ್ಟೆಲ್ಲ ಬೇಕಾಗಲಿಲ್ಲ. ಗಲ್ಲಾದಲ್ಲಿ ಕುಳಿತಿದ್ದ ಯಜಮಾನರು ಮೊದಲ ಹಾಳೆ ನೋಡಿ ಕನ್ನಡಕ ಏರಿಸಿದರು.

"ಇದು ಬಾಳೆ ಎಲೆ. ನಮ್ಮಲ್ಲಿ ಊಟಕ್ಕೆ ಸ್ಟೀಲಿನ ಬಟ್ಟಲು. ಇದು ಅಣ್ಣನಲ್ಲಿಯದ್ದು."

ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ಹಸಿರು ಗ್ರಾಫಿನ ಎದುರೂ ನಾನು ಕಂಡಿರಲಿಲ್ಲ. ಹಾಗಾದರೆ ಅಕ್ಕ ಕೆಲಸದಲ್ಲಿ ಇರಬಹುದಲ್ಲ ಎಂದೆ. ಇರಲಿ, ಅವರದ್ದು ಎಂತ ತಪ್ಪು ಎಂದರು, ಕೆಲಸ ಬಿಡಲು ಹೇಳಿದವರು ಬೇರೆ ಯಾರೋ ಎಂಬಂತೆ. ಅಲ್ಲಿಗೇ ಎದ್ದು ಬರಬೇಕಿತ್ತು. ಚರ್ಚೆ ಕಲಿತವರದ್ದು ಕೆಟ್ಟ ಚಾಳಿ, ಗೆದ್ದ ಮೇಲೂ ಇನ್ನೊಂದು ಪಾಯಿಂಟ್ ಇರುತ್ತದೆ. ಹಿಂದಿನ ತಿಂಗಳುಗಳ ಹೊಗಳಿಕೆಯ ಚಿತ್ರಗಳನ್ನೂ ಮುಂದಿಟ್ಟೆ. ಅವೂ ಎಲ್ಲ ಬಾಳೆ ಎಲೆಯೇ.

"ಬೈದದ್ದು ತೆಗಿ. ಹೊಗಳಿದ್ದು ಇರ್ಲಿ."

"ಎಲೆ ಒಂದೇ ಅಲ್ವಾ ಸರ್? ಬೈದದ್ದು ಅಣ್ಣನಿಗಾದ್ರೆ ಹೊಗಳಿದ್ದೂ ಅಣ್ಣನಿಗೇ."

"ಹೊಗಳುವವರು ಎಂತದ್ರಲ್ಲಿ ಊಟ ಮಾಡಿದ್ದಾರೆ ಅಂತ ನಾನ್ಯಾಕೆ ನೋಡ್ಬೇಕು ಮಾರಾಯ್ತಿ? ಹೆಸರು ನಂದೇ ಅಲ್ವಾ?"

ಯಾವ ತೀರ್ಪುಗಾರರೂ ಇದಕ್ಕೆ ಅಂಕ ಕೊಡುತ್ತಿರಲಿಲ್ಲ. ಆದರೆ ಅಲ್ಲಿ ತೀರ್ಪುಗಾರರೂ ಅವರೇ.

ಅಡುಗೆಮನೆಗೆ ಹೋಗಿ ಅಕ್ಕನಿಗೆ ತಿಳಿಸಿದೆ: ಜನ ಬೈದದ್ದು ನಿಮ್ಮ ಸಾರಿಗಲ್ಲ, ಕಾಟಿಪಳ್ಳದ್ದಕ್ಕೆ, ನಿಮ್ಮ ಕೆಲಸ ಹೋಗುವುದಿಲ್ಲ. ಹೊಗಳಿದವರ ಕಥೆಯನ್ನೂ ಬಾಯಿ ತಡೆಯದೆ ಹೇಳಿಬಿಟ್ಟೆ. ಅವರು ಕೈ ಒರೆಸಿಕೊಂಡು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎಲೆ, ಎಲೆ, ಎಲೆ. ಕೊನೆಯ ಹಾಳೆಯವರೆಗೂ ನೋಡಿದರು.

"ಹಾಗಾದ್ರೆ ನನ್ನ ಅಡಿಗೆ ಬಗ್ಗೆ ಯಾರೂ ಎಂತದ್ದೂ ಬರೀಲಿಲ್ವಾ ಮಗಾ?"

ಕೇಳಿದವರೇ ಬಟ್ಟಲಿಗೆ ಅನ್ನ ಬಡಿಸಿ, ಬಂಗುಡೆ ಸಾರು ಹಾಕಿ ಮುಂದಿಟ್ಟರು. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು. ಹಾಗೆಂದು ಫೋಟೊ ಸಮೇತ ಬರೆಯಲು ಎಡಗೈಯಲ್ಲಿ ಫೋನು ಎತ್ತಿದೆ. ಬರೆದರೆ ತಿಂಗಳ ಕೊನೆಗೆ ನನ್ನದೇ ಹೊಗಳಿಕೆಗೆ ಹಸಿರು ಬಳಿಯಬೇಕಾದವಳೂ ನಾನೇ ಎಂದು ನೆನಪಾಯಿತು. ಫೋನು ಕೆಳಗಿಟ್ಟು ಬಾಯಲ್ಲೇ ಹೇಳಿದೆ. ಅಕ್ಕ ಹೌದಾ ಎಂದು ಇನ್ನೊಂದು ಬಂಗುಡೆ ಹಾಕಿದರು. ಅವರ ಕಣ್ಣು ಮಾತ್ರ ಫೋನಿನ ಮೇಲೆಯೇ ಇತ್ತು.