ಬೋರ್ಡಿನ ಎಡಗಿವಿ

ಹಿಂದೂಪುರದ ಟೈರಂಗಡಿಯ ಮೇಲಿನ ಕೋಣೆಯಲ್ಲಿ ಆ ದಿನ ನಾವು ಆರು ಮಂದಿ ಕೂತಿದ್ದೆವು. ಡ್ರೈವಿಂಗ್ ಸ್ಕೂಲಿನ ಒಡೆಯ ಫ್ಯಾನಿನ ನೇರ ಕೆಳಗೆ, ತಿರುಗುವ ಕುರ್ಚಿಯಲ್ಲಿ. ಬೆಂಚಿನ ಮೇಲೆ ಬಾಡಿಗೆ ಆಟೋ ಓಡಿಸಲು ಹೊರಟ ಮೂವರು ಗಂಡಸರು. ಗೋಡೆಗೆ ಒರಗಿ, ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ನನ್ನ ಸೋದರಮಾವ. ಅವನ ಪಕ್ಕದಲ್ಲಿ ನಾನು. ನನಗೆ ಲೈಸೆನ್ಸೂ ಬೇಕಿರಲಿಲ್ಲ, ಗಾಡಿಯೂ ಇರಲಿಲ್ಲ. ಹುಣಸೆಹಣ್ಣಿನ ಮಂಡಿಗೆ ಅರ್ಧ ದಿನ ರಜೆ ಹಾಕಿ ಮಾವನ ಜೊತೆಗೆ ಬಂದಿದ್ದೆ, ಅಷ್ಟೆ.

ಒಡೆಯನನ್ನು ಎಲ್ಲರೂ ‘ಸಾರ್’ ಅನ್ನುತ್ತಿದ್ದರು. ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು, ಮನೆಯೊಳಗೂ ತೆಗೆಯದ ಕಪ್ಪು ಕನ್ನಡಕ. ಊರಿಗೆಲ್ಲ ಗಾಡಿ ಕಲಿಸುವ ಈ ಮಹಾಶಯ ತನ್ನ ಕಾರನ್ನು ಗಲ್ಲಿಯಿಂದ ಹಿಂದಕ್ಕೆ ತೆಗೆಯಬೇಕಾದರೆ ಕೆಳಗಿನ ಟೈರಂಗಡಿಯವನನ್ನು ಕೂಗಿ ಕರೆಯುತ್ತಿದ್ದ. ಅದನ್ನು ನಾನು ಕಣ್ಣಾರೆ ಎರಡು ಸಲ ಕಂಡಿದ್ದೇನೆ.

ಮಾವ ಸೆಟ್ಟೂರಿನ ಕಡೆಯವನು. ಪ್ರಾಯದಲ್ಲಿ ಟ್ರಾಕ್ಟರು, ವ್ಯಾನು ಎಲ್ಲ ಓಡಿಸಿದವನು. ಆಮೇಲೆ ಅಪ್ಪನ ಕುರಿಮಂದೆ ಕೈಗೆ ಬಂತು. ವರ್ಷಗಟ್ಟಲೆ ಕುರಿ ಹಿಂದೆ ನಡೆಯುವುದರಲ್ಲಿ ಲೈಸೆನ್ಸು ಯಾವಾಗ ಮುಗಿದುಹೋಯಿತೋ ಅವನಿಗೇ ತಿಳಿಯಲಿಲ್ಲ. ಮಂಡಿನೋವು ಬಂದು ಮಂದೆ ಕೊಟ್ಟ ಮೇಲೆ ಅತ್ತೆಯನ್ನು ಊರಲ್ಲಿ ಬಿಟ್ಟು ಬೆಂಗಳೂರಿಗೆ ಹೋಗಿ, ಕಟ್ಟುತ್ತಿದ್ದ ಒಂದು ಕಟ್ಟಡಕ್ಕೆ ಕಾವಲು ಕೂತ. “ಸಿಮೆಂಟು ಮೂಟೆ ಕಾಯೋದು ಕಣ್ಲಾ. ಅದು ಮೇಯಾಕೂ ಹೋಗಲ್ಲ, ಕೂಗಿದ್ರೆ ಬರೋದೂ ಇಲ್ಲ. ಅದನ್ನೇನು ಕಾಯೋದು?” ಅಂತ ಬಂದಾಗಲೆಲ್ಲ ಹೇಳುತ್ತಿದ್ದ.

ಅಷ್ಟರಲ್ಲಿ ಒಂದು ದಾರಿ ಕಂಡಿತು. ಗೋರಂಟ್ಲದ ಕಡೆಯ ಹಳ್ಳಿಗಳಿಂದ ಗಾರ್ಮೆಂಟ್ಸಿನ ಹೆಂಗಸರನ್ನು ಹಿಂದೂಪುರಕ್ಕೆ ಕರೆತರುವ ಒಂದು ವ್ಯಾನು. ಅದರ ಯಜಮಾನ ನನಗೆ ಮಂಡಿಯಲ್ಲಿ ಪರಿಚಯ. “ಒಂದನೇ ತಾರೀಕಿನೊಳ್ಗೆ ಎಲ್ಎಲ್ಆರ್ ತಂದು ತೋರ್ಸ್ಲಿ. ಪಕ್ಕಾ ಲೈಸೆನ್ಸು ಬರೋವರ್ಗೂ ನಾನು ಪಕ್ಕದಾಗೆ ಕೂತು ಅವ್ನ ಕೈಲಿ ಓಡಿಸ್ತೀನಿ” ಅಂದ. ಎಲ್ಎಲ್ಆರ್ ಅಂದರೆ ಕಲಿಯುವವರ ಲೈಸೆನ್ಸು. ಅದಕ್ಕೆ ಕಂಪ್ಯೂಟರಿನ ಮುಂದೆ ಕೂತು ಇಪ್ಪತ್ತು ಪ್ರಶ್ನೆಗೆ ಉತ್ತರ ಒತ್ತಬೇಕು, ಹನ್ನೆರಡು ಸರಿಯಾಗಬೇಕು. ಮಾವ ಆ ಸಂಜೆಯೇ ಬೆಂಗಳೂರಿನ ಬಸ್ಸು ಹತ್ತದೆ ನಮ್ಮ ಮನೆಯಲ್ಲಿ ಉಳಿದ. ಅತ್ತೆಗೆ ಫೋನು ಮಾಡಿ, “ಇನ್ಮೇಲೆ ನಾನು ಆ ಕಟ್ಟಡದ ಕಡೆ ತಿರುಗೂ ನೋಡಲ್ಲ ಕಣಮ್ಮಿ” ಅಂದುಬಿಟ್ಟ.

ಇಂಥವನನ್ನು ನಾನು ಆ ಸಾರ್ ಮುಂದೆ ತಂದು ಕೂರಿಸಿದ್ದು. ಸಾರ್ ಅವನನ್ನು ಮೇಲಿಂದ ಕೆಳಗೆ ನೋಡಿ, “ಏಮಯ್ಯಾ, ಗೊರ್ರೆಲು ಕಾಸೇವಾಡಿವಿ, ನೀಕೆಂದುಕಯ್ಯಾ ಸ್ಟೀರಿಂಗು?” ಅಂದ. ಕುರಿ ಕಾಯುವವನಿಗೆ ಸ್ಟೀರಿಂಗ್ ಯಾಕೆ ಅಂತ. ಬೆಂಚಿನ ಮೂವರೂ ನಕ್ಕರು.

ಮಾವ ಬೇಸರ ಮಾಡಿಕೊಳ್ಳಲಿಲ್ಲ. “ಕುರಿಗೂ ಹಾರ್ನಿಗೂ ಭಾಳ ದೂರ ಇಲ್ಲ ಸಾರ್. ಎರಡೂ ದಾರೀಲಿ ಬಾಯ್ ಮುಚ್ಚಲ್ಲ” ಅಂದ.

ಆಮೇಲೆ ಪಾಠ ಶುರುವಾಯಿತು. ಪಾಠ ಅಂದರೆ ಎಂಥದು! ಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಸಾರ್ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ ಮಹಾರಹಸ್ಯ ಬಿಟ್ಟುಕೊಡುವವನ ಹಾಗೆ ದನಿ ತಗ್ಗಿಸಿದ. “ಮೂರು ಉತ್ತರ ಇರ್ತಾವೆ. ಚದಿವೇ ಪನಿಲೇದು, ಓದೋ ಕೆಲ್ಸಾನೇ ಇಲ್ಲ. ಪೊಡುಗ್ಗಾ ಉನ್ನದೇ ನೊಕ್ಕಂಡಿ. ಯಾವುದು ಉದ್ದ ಐತೋ ಅದನ್ನ ಒತ್ತಿ. ಅಷ್ಟೇ.”

ಇದೇ ಅವನ ವಿದ್ಯೆ. ಹಿಂದಿನಿಂದ ಆಂಬುಲೆನ್ಸು ಬಂದರೆ ಏನು ಮಾಡಬೇಕು? ಉದ್ದದ್ದನ್ನು ಒತ್ತು. ಮುದುಕಿ ರಸ್ತೆ ದಾಟುತ್ತಿದ್ದಾಳೆ? ಉದ್ದದ್ದನ್ನು ಒತ್ತು. ಎದುರಿಗೆ ಮನುಷ್ಯ ಬಂದರೂ ಇವರು ಉದ್ದ ನೋಡಿಯೇ ಬ್ರೇಕು ಹಾಕುತ್ತಾರೇನೋ. ಬೆಂಚಿನ ಮೂವರು ಶಾಸ್ತ್ರ ಕೇಳುವ ಹಾಗೆ ತಲೆಯಾಡಿಸುತ್ತಿದ್ದರು. ಆ ತಲೆಗಳಿಗೂ ಕೆಳಗಿನ ಟೈರುಗಳಿಗೂ ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ.

ಮಾವ ಮಾತ್ರ ಕೇಳಿದ. “ಸಾರ್, ಚಿತ್ರ ಬಂದ್ರೆ? ರಸ್ತೆ ಬೋರ್ಡು ತೋರ್ಸಿ ಇದೇನು ಅಂದ್ರೆ? ಅದ್ರಾಗೆ ಉತ್ರ ಎಲ್ಲಾ ಒಂದೇ ಉದ್ದ ಇರ್ತಾವಂತಲ್ಲ.”

ಸಾರ್ ಕನ್ನಡಕ ಸರಿಮಾಡಿಕೊಂಡ. “ಅದು ದೇವರ ಮೇಲೆ ಭಾರ ಹಾಕಿ ಒತ್ತಯ್ಯಾ.”

ನಾನು ಎದ್ದೆ. ಮೇಜಿನ ಮೇಲಿದ್ದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮಾವನನ್ನು ಎಬ್ಬಿಸಿಕೊಂಡು ಮೆಟ್ಟಿಲಿಳಿದೆ. ಇಂಥ ತಿರುಗುಕುರ್ಚಿಯವನಿಗಿಂತ ಸಾವಿರ ಪಾಲು ಚೆನ್ನಾಗಿ ನಾನೇ ಕಲಿಸುತ್ತೇನೆ ಅಂತ ಬೀದಿಯಲ್ಲಿ ಗಟ್ಟಿಯಾಗಿ ಹೇಳಿದ್ದೂ ನೆನಪಿದೆ. ಟೈರಂಗಡಿಯವನು ತಲೆಯೆತ್ತಿ ನೋಡಿದ.

ಅವತ್ತಿನಿಂದ ನಮ್ಮ ಮನೆಯ ಪಡಸಾಲೆಯೇ ಶಾಲೆ. ಮಾವ ಗೋಡೆಗೆ ಒರಗಿ ಕೂರುತ್ತಿದ್ದ. ನಾನು ಅವನ ಎದುರಿಗೆ ಕೂತು, ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ ನೆಲದ ಮೇಲೆ ಇಟ್ಟು, ಒಂದೊಂದು ಚಿತ್ರಕ್ಕೂ ಬೆರಳಿಟ್ಟು ಕೇಳುತ್ತಿದ್ದೆ. ತೆಲುಗು ಅಕ್ಷರ ಅವನಿಗೆ ಕೂಡಿಸಿ ಓದುವಷ್ಟು ಬರುತ್ತಿತ್ತು, ಆದರೆ ಆ ಚಿತ್ರಗಳಿಗೆ ಅಕ್ಷರದ ಹಂಗೇ ಬೇಕಾಗಲಿಲ್ಲ. ಎರಡು ದಿನದಲ್ಲಿ ಅಷ್ಟೂ ಬೋರ್ಡುಗಳನ್ನು ಅವನು ಮಂದೆ ಮಾಡಿಕೊಂಡುಬಿಟ್ಟ.

“ಕೆಂಪು ಬಳೆ ಇರೋವೆಲ್ಲ ಬ್ಯಾಡ ಅನ್ನೋ ಜಾತಿ. ನೀಲಿ ದುಂಡಗಿನವು ಮಾಡ್ಲೇಬೇಕು ಅನ್ನೋವು. ಮೂರು ಮೂಲೇವು ಹುಷಾರು ಅಂತಾವೆ” ಅಂದ. “ಇಷ್ಟೇ ತಾನೆ? ಇನ್ನೂರು ಕುರಿ ಮೊಖ ನೋಡಿ ಯಾವುದು ಯಾರ್ದು ಅಂತ ಹೇಳ್ತಿದ್ದೆ ಕಣ್ಲಾ. ಇವೇನು, ಮಿಸುಕಾಡ್ದಂಗೆ ನಿಂತಿರ್ತಾವೆ.”

ನಮ್ಮ ಕಡೆ ಮಂದೆ ಮಂದೆ ಬೆರೆತರೆ ಗೊತ್ತಾಗಲಿ ಅಂತ ಕುರಿಗೆ ಕಿವಿಯಲ್ಲಿ ಕತ್ತರಿ ಗುರುತು ಹಾಕುತ್ತಾರೆ. ಒಬ್ಬರದು ಎಡಗಿವಿ, ಇನ್ನೊಬ್ಬರದು ಬಲಗಿವಿ. ಮಾವ ಬೋರ್ಡುಗಳನ್ನೂ ಹಾಗೆಯೇ ಗುರುತು ಹಿಡಿದ. ಬಾಣ ಎತ್ತ ಬಾಗಿದೆ ಅಂತ ನೋಡಿ “ಎಡಗಿವಿ”, “ಬಲಗಿವಿ” ಅನ್ನುತ್ತಿದ್ದ. ನಾನು “ಸರಿ” ಅನ್ನುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ನನಗೆ ಆ ಸಾರ್ ಮೇಲೆ ತಾತ್ಸಾರ ಇನ್ನಷ್ಟು ಏರಿತು. ರಾತ್ರಿ ಊಟಕ್ಕೆ ಕೂತಾಗಲೂ ಅವನ ಕನ್ನಡಕ, ಅವನ ಪೆನ್ನು, ಅವನ ಉದ್ದದ ಉತ್ತರ ಇವನ್ನೇ ಆಡಿಕೊಂಡು ನಗುತ್ತಿದ್ದೆ. ಮಾವ “ಹೋಗ್ಲಿ ಬಿಡ್ಲಾ, ಪಾಪ, ಹೊಟ್ಟೆಪಾಡು” ಅನ್ನುತ್ತಿದ್ದ.

ಪರೀಕ್ಷೆಯ ದಿನ ಮಾವ ಆರ್‌ಟಿಓ ಆಫೀಸಿನ ಒಳಗೆ ಹೋದ. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಬೆಂಚಿನ ಆ ಮೂವರೂ ಅದೇ ದಿನ ಬಂದಿದ್ದರು. ಅವರಲ್ಲಿ ಇಬ್ಬರು ಹಲ್ಲು ಕಿರಿದುಕೊಂಡು ಹೊರಗೆ ಬಂದರು, ಪಾಸು. ಮಾವ ಬಂದ. ಟವೆಲಿನಿಂದ ಮುಖ ಒರೆಸಿಕೊಂಡು, “ಹನ್ನೊಂದಂತೆ. ಫೇಲು” ಅಂದ.

“ಯಾವುದು ತಪ್ಪೋಯ್ತು ಮಾವ?”

“ಯಾವ್ದೂ ತಪ್ಪಿಲ್ಲ ಕಣ್ಲಾ. ಎಡ ಬಲ ಎಲ್ಲಾ ಸರಿಯಾಗೇ ಒತ್ತಿದ್ದೆ. ಆ ಮಿಷಿನ್ನೇ ಕೆಟ್ಟೈತೆ.”

ಮರದ ಕೆಳಗೆ ಇಬ್ಬರೂ ಪಕ್ಕಪಕ್ಕ ಕೂತೆವು. ಅವನು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಒಂದು ದುಂಡು ಬರೆದು, ಒಳಗೆ ನಮ್ಮ ಬಲಗಡೆಗೆ ಬಾಗಿದ ಬಾಣ ಎಳೆದ. “ಇದು ಬಂದಿತ್ತು. ಎಡಕ್ಕೆ ತಿರುಗು ಅಂತ ಒತ್ತಿದೆ.”

“ಮಾವ, ಇದು ಬಲ.”

“ನಿಂಗೆ ಬಲ. ಅದಕ್ಕೆ ಎಡ.” ಕಡ್ಡಿಯನ್ನು ಬಾಣದ ಮೇಲಿಟ್ಟು ದಡ್ಡನಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. “ಬೋರ್ಡು ನನ್ನ ಮೊಖ ನೋಡ್ಕೊಂಡು ನಿಂತಿರ್ತೈತಾ ಇಲ್ವಾ? ಕುರಿ ಎದುರಿಗೆ ನಿಂತ್ರೆ ಅದರ ಎಡಗಿವಿ ನನ್ನ ಯಾವ ಕಡೆ ಬತ್ತೈತೆ? ಬಲಗಡೆ. ಕಿವಿ ಕುರೀದು, ನಂದಲ್ಲ.”

ಹಾಗಾದರೆ ಮನೆಯಲ್ಲಿ ಅಷ್ಟು ದಿನ ನಾನು ಸರಿ ಸರಿ ಅಂದದ್ದು ಹೇಗೆ? ಪುಸ್ತಕ ಅವನ ಕಡೆಗೆ ತಿರುಗಿತ್ತು. ಎದುರಿಗೆ ಕೂತ ನಾನು ಅದನ್ನು ತಲೆಕೆಳಗಾಗಿ ನೋಡುತ್ತಿದ್ದೆ. ಅವನ ಬಲಕ್ಕೆ ಬಾಗಿದ್ದ ಬಾಣ ನನ್ನ ಎಡಕ್ಕೆ ಬಾಗಿತ್ತು. ಅವನು ಕುರಿಯ ಲೆಕ್ಕದಲ್ಲಿ ಎಡ ಅಂದ, ನಾನು ತಲೆಕೆಳಗಿನ ಕಣ್ಣಲ್ಲಿ ಎಡವೇ ಕಂಡೆ. ಪಕ್ಕದಲ್ಲಿ ಕೂತು ಒಂದೇ ಒಂದು ಸಲ ಕೇಳಿದ್ದರೆ ಸಾಕಿತ್ತು. ಬೋರ್ಡು ಬಿಡಿ, ಪಾಠ ಹೇಳುವವನಿಗೆ ಪುಸ್ತಕ ನೆಟ್ಟಗಿದೆಯೋ ಇಲ್ಲವೋ ನೋಡುವ ಗ್ಯಾನವಿರಲಿಲ್ಲ. ತಿರುಗುಕುರ್ಚಿಯವನು ಪುಸ್ತಕ ತೆರೆಯದೆ ಇಬ್ಬರನ್ನು ಪಾಸು ಮಾಡಿಸಿದ. ನಾನು ತೆರೆದಿಟ್ಟುಕೊಂಡು ಒಬ್ಬನನ್ನು ಫೇಲು ಮಾಡಿಸಿದೆ. ಆ ದಿನ ನನ್ನಷ್ಟು ಕೇವಲವಾಗಿ ನನಗೆ ಯಾರೂ ಕಾಣಲಿಲ್ಲ, ಆ ಸಾರ್ ಕೂಡ.

ಮಾವನಿಗೆ ಹೇಳಿದೆ. ಅವನು ಮಣ್ಣಿನ ಬಾಣವನ್ನು ಕಡ್ಡಿಯಿಂದ ಅಳಿಸಿದ. “ಹಂಗಂದ್ರೆ ಇಬ್ರೂ ಎದುರುಬದುರು ಕೂತ್ಕೊಂಡು ಹದಿನೈದು ದಿನ ತಪ್ಪನ್ನೇ ಕಾದ್ವಾ? ನಿಮ್ಮವ್ವ ನಿನ್ನ ಕಾಲೇಜಿಗೆ ಕಳ್ಸಿದ್ದು ಇದಕ್ಕೇನ್ಲಾ?” ಅಂದು ನಕ್ಕ. ನನಗೆ ನಗು ಬರಲಿಲ್ಲ. ಮತ್ತೆ ಪರೀಕ್ಷೆಗೆ ಕೂರಬೇಕಾದರೆ ವಾರ ಕಾಯಬೇಕಿತ್ತು, ಒಂದನೇ ತಾರೀಕಿಗೆ ನಾಲ್ಕೇ ದಿನ ಉಳಿದಿತ್ತು.

ವ್ಯಾನಿನ ಯಜಮಾನನ ಮನೆಗೆ ಹೋಗಿ ನಾನು ಕೈಮುಗಿದೆ. “ಇನ್ನೊಂದು ವಾರ ಸೀಟು ಖಾಲಿ ಹಿಡ್ಕೊಂಡ್ರೆ ಅಲ್ಲೀವರ್ಗೂ ಹೆಂಗಸ್ರನ್ನ ನೀನು ಹೊತ್ಕೊಂಡು ಬತ್ತೀಯಾ?” ಅಂದ. ಅವನ ಮಾತಿನಲ್ಲಿ ತಪ್ಪೇನಿತ್ತು? ಒಂದನೇ ತಾರೀಕು ಬೇರೊಬ್ಬ ಆ ಸೀಟಿನಲ್ಲಿ ಕೂತ.

ವಾರದ ಮೇಲೆ ಮಾವ ಪಾಸಾದ, ಹದಿನೆಂಟು ಸರಿ. ಎಲ್ಎಲ್ಆರ್ ಕಾಗದವನ್ನು ಟವೆಲಿನಲ್ಲಿ ಸುತ್ತಿಕೊಂಡು ಅವತ್ತೇ ಬೆಂಗಳೂರಿನ ಬಸ್ಸು ಹತ್ತಿದ. ಮತ್ತೆ ಅದೇ ಸಿಮೆಂಟಿನ ಕಾವಲಿಗೆ. ಅತ್ತೆ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಫೋನು ಮಾಡಿದರೆ “ಮೇಷ್ಟ್ರು ಮಾಡವ್ರೆ” ಅಂತ ಮೊಮ್ಮಗಳ ಕೈಗೆ ಕೊಟ್ಟುಬಿಡುತ್ತಿದ್ದಳು.

ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಬಂದವನು ಪಕ್ಕಾ ಲೈಸೆನ್ಸು ಕೈಗೆ ಬಂದ ಮೇಲೆ ಬೆಂಗಳೂರಿಗೆ ಹಿಂತಿರುಗಲಿಲ್ಲ. ಕಲ್ಯಾಣದುರ್ಗದಿಂದ ಸೆಟ್ಟೂರಿಗೆ ಜನರನ್ನು ಸಾಗಿಸುವ ಜೀಪೊಂದಕ್ಕೆ ಡ್ರೈವರು ಬೇಕಿತ್ತು, ಅದಕ್ಕೆ ಸೇರಿಕೊಂಡ. ಹೋದ ಶ್ರಾವಣದಲ್ಲಿ ಅವರ ಊರಿಗೆಂದು ಕಲ್ಯಾಣದುರ್ಗದಲ್ಲಿ ಬಸ್ಸಿಳಿದೆ. ಮಾವನ ಜೀಪು ತುಂಬಿ ನಿಂತಿತ್ತು. ಮುಂದಿನ ಸೀಟಿನಲ್ಲಿ ಕಡಲೆಕಾಯಿ ಗಂಟು ತೊಡೆಯ ಮೇಲಿಟ್ಟುಕೊಂಡು ಇಬ್ಬರು ಹೆಂಗಸರು ಕೂತಿದ್ದರು. ಮಾವ ನನ್ನನ್ನು ನೋಡಿ, “ಹಿಂದ್ಗಡೆ ನೇತಾಕ್ಕೋ ಅಳಿಯ, ಗಟ್ಟಿಯಾಗಿ ಹಿಡ್ಕೋ” ಅಂದು ಗಾಡಿ ಬಿಟ್ಟ. ಸೆಟ್ಟೂರಿನವರೆಗೂ ನಾನು ನಿಂತೇ ಹೋದೆ.