ವೈರಕ್ಕ ಸಭೆಗೆ ಹೊರಟದ್ದು

ಓಣಿಯವರ ಬಾಯಲ್ಲಿ ಅವಳು ವೈರಕ್ಕ. ಮೈದುನನ ಮೈಕ್‌ಸೆಟ್ ಅಂಗಡಿಯಲ್ಲಿ ಕೆಟ್ಟ ಕೇಬಲ್ಲುಗಳೆಲ್ಲ ರಿಪೇರಿಗೆಂದು ಬಂದು ಬೀಳುವುದು ಅವಳ ಅಡುಗೆಮನೆಯ ಕಿಟಕಿಯ ಕೆಳಗೆ. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುವವನು. ಹಾಸಿಗೆ ಹಿಡಿದ ಅತ್ತೆ ಒಂದು ಕಡೆ, ಈ ರಾಶಿ ಇನ್ನೊಂದು ಕಡೆ. ಹೊಸಿಲು ದಾಟಲು ಅವಳಿಗೆ ಪುರುಸೊತ್ತೆಂಬುದೇ ಇರಲಿಲ್ಲ.

ಅಂದು ಮಗಳು ಶಾಲೆಯ ಸಭಾಂಗಣದಲ್ಲಿ ಮೊದಲ ಸಲ ಹಾಡುವವಳಿದ್ದಳು. "ಅಮ್ಮಾ, ಮುಂದೇನೇ ಕೂತ್ಕೋ. ನಿನ್ನ ಮುಖ ಕಂಡ್ರೇನೇ ನಂಗೆ ಗಂಟಲು ಬಿಡೋದು" ಎಂದು ಹೇಳಿ ಹೋಗಿದ್ದಳು. ಅತ್ತೆಯ ಬಳಿ ಕೂರಲು ಪಕ್ಕದ ಮನೆಯ ಅಜ್ಜಿ ಬಂದರು. ವೈರಕ್ಕ ಇನ್ನೇನು ಚಪ್ಪಲಿ ಮೆಟ್ಟಬೇಕು, ಬಾಗಿಲಲ್ಲಿ ಮೈದುನನ ಸ್ಕೂಟರು, ಅವನ ಕೈಯಲ್ಲೊಂದು ಮೈಕಿನ ಕೇಬಲ್ಲು.

"ಅತ್ತಿಗೆ, ಇದೊಂದೇ! ಶಾಲೆಗೇ ಬೇಕಾಗಿರೋದು, ಕರಕರ ಅಂತಿದೆ. ಮಾಡ್ಕೊಡಿ, ನಾನೇ ಕರ್ಕೊಂಡು ಹೋಗ್ತೀನಿ."

"ನಿನ್ನ ಇದೊಂದೇ ಅನ್ನೋದು ಯಾವತ್ತಾದ್ರೂ ಮುಗಿದಿದ್ಯೇನಪ್ಪಾ?" ಎನ್ನುತ್ತಲೇ ಕೂತಳು.

ತುದಿ ಕತ್ತರಿಸಿ, ಒಳಗಿನ ಎಳೆಗಳನ್ನು ಬಿಡಿಸಿ, ಒಂದೊಂದನ್ನೂ ಪಿನ್ನಿಗೆ ಬೆಸೆದಳು. ಕೈ ಒರೆಸಿಕೊಂಡು ನೋಡಿದರೆ ಪಿನ್ನಿನ ಮುಚ್ಚಳ ಹಾಯಾಗಿ ಮೇಜಿನ ಮೇಲೇ ಕೂತಿದೆ! ಬೆಸೆಯುವ ಮೊದಲೇ ಅದನ್ನು ಕೇಬಲ್ಲಿಗೆ ಪೋಣಿಸಿಕೊಳ್ಳಬೇಕು, ಆಮೇಲೆ ತೂರುವುದಿಲ್ಲ.

"ಟೇಪ್ ಸುತ್ತಿ ಕೊಡಿ ಅತ್ತಿಗೆ, ಯಾರು ನೋಡ್ತಾರೆ?"

"ಹಾಡ್ತಿರೋವಾಗ ಕಿತ್ಕೊಂಡು ಬಂದ್ರೆ ನೀನು ಹಾಡ್ತೀಯಾ?"

ಒಳಗಿನಿಂದ ಅತ್ತೆ ಕೂಗಿದರು. ಅಜ್ಜಿ ಸಮಾಧಾನ ಹೇಳುತ್ತಿದ್ದರು. ವೈರಕ್ಕ ಬೆಸುಗೆ ಬಿಚ್ಚಿದಳು, ಮುಚ್ಚಳ ಪೋಣಿಸಿದಳು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಮತ್ತೆ ಮೊದಲಿನಿಂದ ಬೆಸೆದಳು.

ಶಾಲೆ ಮುಟ್ಟುವಾಗ ಸಭಾಂಗಣ ಕಿಕ್ಕಿರಿದಿತ್ತು. ಮೈದುನ ಅವಳನ್ನು ಪರದೆಯ ಹಿಂದೆ ಕರೆದೊಯ್ದು, ಪೆಟ್ಟಿಗೆಗಳ ನಡುವೆ ಒಂದು ಸ್ಟೂಲು ಹಾಕಿಕೊಟ್ಟ. "ಇಲ್ಲೇ ಇರಿ ಅತ್ತಿಗೆ. ಮತ್ತೇನಾದ್ರೂ ಕೈಕೊಟ್ರೆ ನೀವಿರ್ತೀರಲ್ಲ."

ಅಲ್ಲಿಯೂ ಕಾಲ ಸುತ್ತ ಕೇಬಲ್ಲುಗಳೇ. ಮಗಳು ಬಂದು ಮೈಕಿನ ಮುಂದೆ ನಿಂತಳು. ವೈರಕ್ಕನಿಗೆ ಕಂಡದ್ದು ಅವಳ ಜಡೆ ಮಾತ್ರ. ಆ ಜಡೆ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಹಾಡು ಹೊರಡಲಿಲ್ಲ. ಒಂದಿಷ್ಟೂ ಕರಕರವಿಲ್ಲದ ಆ ಮೈಕಿನಲ್ಲಿ ಹುಡುಗಿಯ ಏದುಸಿರು ಸಭೆಗೆಲ್ಲ ಕೇಳಿಸುತ್ತಿತ್ತು.

ವೈರಕ್ಕ ಎದ್ದಳು.

"ಅತ್ತಿಗೆ, ಎಲ್ಲಿಗೆ? ನೀವು ಹೋದ್ರೆ ಇಲ್ಲಿ ಯಾರು?"

"ನೀನಿದ್ದೀಯಲ್ಲ!"

ಕೇಬಲ್ಲುಗಳನ್ನು ದಾಟಿ, ಪಕ್ಕದ ಮೆಟ್ಟಿಲಿಳಿದು, ಮುಂದಿನ ಸಾಲಿನ ಎದುರಿಗೇ ಹೋಗಿ ನಿಂತಳು.

"ಕೂತ್ಕೊಳ್ರೀ, ಕಾಣಲ್ಲ!" ಎಂದು ಹಿಂದಿನಿಂದ ಯಾರೋ ರೇಗಿದರು.

ಹಾಡು ಮುಗಿಯುವವರೆಗೂ ಅವಳು ಕೂರಲಿಲ್ಲ.