ಉಗುರಿಗೆ ಕೇಳುತ್ತಿದ್ದ ಮಿಸ್ತ್ರಿ

ಆ ಸೂಪರ್‌ವೈಸರನನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಯುದ್ಧದ ದಿನಗಳಲ್ಲಿ ಪುಣೆ ಕ್ಯಾಂಪಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ನಾನು ಮಾಲು ತಪಾಸಣೆ ಮಾಡುತ್ತಿದ್ದೆ. ಸಾಣೆ ಯಂತ್ರದ ಮುಂದೆ ಬೆಳಗಾವಿ ಕಡೆಯ ಒಬ್ಬ ಮಿಸ್ತ್ರಿ ನಿಲ್ಲುತ್ತಿದ್ದ. ಬಲ ಹೆಬ್ಬೆರಳಿನ ಉಗುರನ್ನು ಬೇಕೆಂದೇ ಬೆಳೆಸಿದ್ದ. ಉಜ್ಜಿದ ಶಾಫ್ಟಿನ, ಅಂದರೆ ಉಕ್ಕಿನ ದಂಡದ, ಮೇಲೆ ಅದನ್ನು ಎಳೆದು ತರಿ ಉಳಿದಿದೆಯೇ ಎಂದು ನೋಡಿ, "ಕಣ್ಣು ಸುಳ್ಳ ಹೇಳ್ತಾವ್ರಿ, ಉಗುರಿಗೆ ಕೇಳ್ರಿ" ಎನ್ನುತ್ತಿದ್ದ.

ಆಗಾಗ ವಜ್ರದ ಮೊನೆಯ ಉಳಿಯಿಂದ ಸಾಣೆಕಲ್ಲಿನ ಮೈಗೆ ಓರೆಯಾಗಿ ಸಣ್ಣ ಗೀರುಗಳನ್ನು ಕೊರೆಯುತ್ತಿದ್ದ. ಅವುಗಳಲ್ಲಿ ತಂಪಿಗೆ ಬಿಟ್ಟ ನೀರು ಹರಿದು, ಉಕ್ಕು ಸುಡದೆ ನುಣುಪಾಗುತ್ತಿತ್ತು. ನಮ್ಮ ಸೂಪರ್‌ವೈಸರ್ ಧಾರವಾಡದವನು, ಬೈಯುವುದಕ್ಕೆ, ಜಂಬ ಕೊಚ್ಚುವುದಕ್ಕೆ ಮಾತ್ರ ಕನ್ನಡ ಬಳಸುತ್ತಿದ್ದ. "ಕಲ್ಲು ಸಿಗವಲ್ಲವು, ನೀ ಕೆತ್ತಿ ಹಾಳ ಮಾಡ್ತೀಯೇನಲೇ?" ಎಂದು ವಜ್ರವನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಎರಡೇ ದಿನದಲ್ಲಿ ಕಲ್ಲಿನ ಮೈ ಗಾಜಿನಂತಾಗಿ, ಉಕ್ಕನ್ನು ಕೊರೆಯದೆ ಬರೀ ತಿಕ್ಕತೊಡಗಿತು. ಶಾಫ್ಟುಗಳು ಸುಟ್ಟು ನೀಲಿಗಟ್ಟಿ, ತರಿತರಿಯಾಗಿ ಬಂದವು. ಸೂಪರ್‌ವೈಸರ್ ತಪ್ಪನ್ನು ಮಿಸ್ತ್ರಿಯ ತಲೆಗೆ ಕಟ್ಟಿದ. ಮಿಸ್ತ್ರಿ ಎಲ್ಲರೆದುರು ಅವನ ಕೈಹಿಡಿದು, ಅವನದೇ ಉಗುರನ್ನು ಶಾಫ್ಟಿನ ಮೇಲೆ ಕರಕರ ಎಳೆದ.

"ನನಗ ಬ್ಯಾಡ್ರಿ, ನಿಮ್ಮ ಉಗುರಿಗೆ ಕೇಳ್ರಿ!"

ಸಂಜೆಗೇ ಅವನನ್ನು ಕೆಲಸದಿಂದ ತೆಗೆದರು. ಎಲ್ಲ ಗೊತ್ತಿದ್ದ ನಾನು ಒಂದು ಮಾತೂ ಆಡಲಿಲ್ಲ.

ಮರುವಾರ ಸೂಪರ್‌ವೈಸರ್ ಬೀಗ ತೆಗೆದು, ವಜ್ರವನ್ನು ಹೊಸಬನ ಕೈಗೆ ಕೊಟ್ಟು, ಅವೇ ಓರೆ ಗೀರುಗಳನ್ನು ಕೊರೆಸಿದ. "ಹಿಂಗ ಮಾಡ್ಬೇಕು. ಇದು ನನ್ನ ಪದ್ಧತಿ" ಅಂದ, ನಾಚಿಕೆಗೆಟ್ಟವನು. ಶಾಫ್ಟು ಕನ್ನಡಿಯಂತೆ ಬಂತು. ನಾನು ಉಗುರು ಎಳೆದು ನೋಡಿ ಪಾಸು ಮಾಡಿದೆ.

ಆ ನುಣುಪು ಇನ್ನೂ ನನ್ನ ಉಗುರಿಗೆ ಚುಚ್ಚುತ್ತಿದೆ.